ಸ್ಟುಡಿಯೋದ ಕಂಪ್ಯೂಟರ್ ಆಫ್ ಆಗುತ್ತಿಲ್ಲ

ವಾರದ ರಜೆ ಮುಗಿಸಿ ಬಂದ ದಿನ ಅವಳ ಮೊದಲ ಮಾತು ಒಡೆದುಕೊಂಡೇ ಹೊರಗೆ ಬರುತ್ತಿತ್ತು. ಹಿಂದಿನ ದಿನವೆಲ್ಲ ಆ ಗಂಟಲಿಗೆ ಕೆಲಸವೇ ಇದ್ದಿರುತ್ತಿರಲಿಲ್ಲ. ಅದಕ್ಕೇ ಅವಳು ಸೀಟಿಗೆ ಹೋಗುವ ಮುಂಚೆ ಆಫೀಸಿನ ಟಾಯ್ಲೆಟ್ಟಿನ ಕನ್ನಡಿಯೆದುರು ನಿಂತು, ಕೆಮ್ಮಿ ಗಂಟಲು ಸರಿಮಾಡಿಕೊಂಡು, “ನಮಸ್ಕಾರ, ನಾನು ನಿಮಗೆ ಹೇಗೆ ಸಹಾಯ ಮಾಡಲಿ?” ಎಂದು ಹೇಳಿ ನೋಡಿಕೊಳ್ಳುತ್ತಿದ್ದಳು. ಒಮ್ಮೆ ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಹೊಸ ಹುಡುಗಿ, “ಒಂದು ಲೋಟ ಟೀ ತಂದುಕೊಟ್ರೆ ಸಾಕಕ್ಕಾ, ಸದ್ಯಕ್ಕೆ ಬೇರೇನೂ ಬೇಡ” ಎಂದಿದ್ದಳು. ಇಬ್ಬರೂ ನಕ್ಕಿದ್ದರು. ಆ ನಗು ಅವಳಿಗೆ ಸಂಜೆಯವರೆಗೂ ಸಾಕಾಗಿತ್ತು.

ಅವಳ ಕೆಲಸ ಆ್ಯಂಟಿವೈರಸ್ ಮಾರುವ ಕಂಪನಿಯೊಂದರ ಸಹಾಯವಾಣಿಯಲ್ಲಿ. ಕಂಪ್ಯೂಟರಿಗೆ ವೈರಸ್ ಹತ್ತದಂತೆ ಕಾಯುವ ಆ ಸಾಫ್ಟ್‌ವೇರನ್ನು ಕೊಂಡವರು, ಏನಾದರೂ ಎಡವಟ್ಟಾದರೆ ಇಲ್ಲಿಗೆ ಫೋನ್ ಮಾಡುತ್ತಾರೆ. ಬೈಯುವವರಿದ್ದರು, ಅಳುವವರಿದ್ದರು, ಮೌಸನ್ನು ಗಾಳಿಯಲ್ಲಿ ಎತ್ತಿ ಹಿಡಿದು “ಬಾಣ ಮೇಲಕ್ಕೇ ಹೋಗ್ತಿಲ್ಲ” ಎನ್ನುವವರಿದ್ದರು. ಎಲ್ಲರಿಗೂ ಒಂದೇ ದನಿ ಕೊಡಬೇಕು, ಕಲಕದ ನೀರಿನಂಥದ್ದು. ಅದನ್ನು ಕಂಪನಿಯೇ ಕಲಿಸಿತ್ತು. ಮಾತಿನ ಕೊನೆ ನುಂಗಬಾರದು, ಎಳೆಯಬಾರದು, ಸ್ವಂತ ವಿಷಯ ಆಡಬಾರದು. ಪ್ರತಿಯೊಂದು ಮಾತೂ ರೆಕಾರ್ಡ್ ಆಗುತ್ತಿತ್ತು. ಮೊಬೈಲು ಹೊರಗಿನ ಕಾರಿಡಾರಿನ ಲಾಕರಿನಲ್ಲಿ, ಊಟದ ಡಬ್ಬಿಯ ಪಕ್ಕ.

ಹೀಗೆ ಹಗಲೆಲ್ಲ ಕಂಡಕಂಡವರ ಕಿವಿಯೊಳಗೆ ಕೂತು ಬಂದವಳು ಸಂಜೆ ರೂಮಿನ ಬೀಗ ತೆಗೆದರೆ ಅಲ್ಲಿ ಮಾತಾಡಲು ನರಪಿಳ್ಳೆಯೂ ಇರುತ್ತಿರಲಿಲ್ಲ. ಒಂದು ಮಂಚ, ಒಂದು ಕುರ್ಚಿ, ಕಿಟಕಿಗೆ ಎದುರಾಗಿ ಪಕ್ಕದ ಕಟ್ಟಡದ ಗೋಡೆ. ಎರಡನೆಯ ಕುರ್ಚಿ ಕೊಳ್ಳೋಣವೆಂದು ಒಮ್ಮೆ ಅಂಗಡಿಯವರೆಗೂ ಹೋಗಿದ್ದಳು. ಯಾರು ಕೂರಬೇಕು ಅದರಲ್ಲಿ ಎನ್ನಿಸಿ, ಬರಿಗೈಲಿ ಬರಲು ನಾಚಿಕೆಯಾಗಿ, ಒಂದು ಬಕೆಟ್ ಹಿಡಿದುಕೊಂಡು ಬಂದಿದ್ದಳು.

ಅವಳಿಗೊಬ್ಬ ಅಣ್ಣನಿದ್ದ. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಹೋದ ಮೇಲೆ ಅವಳ ತಲೆ ಬಾಚಿ ಶಾಲೆಗೆ ಕಳಿಸಿದವನು ಅವನೇ. ಒಂದು ಫೋಟೋ ಸ್ಟುಡಿಯೋ ಇಟ್ಟಿದ್ದ. ತಂಗಿಯನ್ನು ದಡ ಸೇರಿಸುವ ಗಡಿಬಿಡಿಯಲ್ಲಿ ತನಗೂ ಒಂದು ಮದುವೆ ಆಗಬೇಕೆಂಬುದನ್ನು ಮರೆತೇಬಿಟ್ಟಿದ್ದ. ರೀಲಿನ ಕಾಲ ಮುಗಿದು ಕಂಪ್ಯೂಟರ್ ಬಂದಾಗ ಅವನು ಅದನ್ನು ಬೇರೆಯವರ ಮಗುವನ್ನು ಎತ್ತಿಕೊಂಡ ಹಾಗೆ ದೂರದಿಂದಲೇ ಹಿಡಿದ. ಅವಳು ಕೋರ್ಸು ಮಾಡಿಕೊಂಡು ಬಂದು ಎಲ್ಲವನ್ನೂ ಕೈಗೆ ತೆಗೆದುಕೊಂಡಳು. ಮುಂದೆ ಅವನು, ಹಿಂದೆ ಅವಳು. ಅವನು ಮುಖಗಳನ್ನು ಹಿಡಿದುಕೊಡುತ್ತಿದ್ದ, ಅವಳು ಮೊಡವೆ ತೆಗೆದು ಬೆಳಕು ತುಂಬಿ ಪ್ರಿಂಟು ಕೊಡುತ್ತಿದ್ದಳು.

ಅವರಿಬ್ಬರನ್ನು ಬೇರೆ ಮಾಡಿದ್ದು ಒಂದು ಪೆನ್‌ಡ್ರೈವು. ಕೆಲಸ ನಿಧಾನವಾಗುತ್ತದೆಂದು ಅಣ್ಣ ಅವಳಿಗೆ ಗೊತ್ತಾಗದಂತೆ ಆ್ಯಂಟಿವೈರಸ್ಸನ್ನು ಆಗಾಗ ನಿಲ್ಲಿಸಿಬಿಡುತ್ತಿದ್ದ. ಹಾಗೆ ನಿಲ್ಲಿಸಿದ್ದ ಒಂದು ಮಧ್ಯಾಹ್ನ ಯಾರೋ ಗಿರಾಕಿ ತಂದ ಪೆನ್‌ಡ್ರೈವಿನಿಂದ ವೈರಸ್ ನುಗ್ಗಿ, ಒಂದು ಶಾಲೆಯ ಕೊನೆಯ ವರ್ಷದ ಮಕ್ಕಳ ಗುಂಪು ಫೋಟೋಗಳೆಲ್ಲ ನುಣ್ಣಗೆ ಅಳಿಸಿಹೋದವು. ಮಕ್ಕಳು ಆಗಲೇ ಚದುರಿಹೋಗಿದ್ದರು, ಮತ್ತೆ ನಿಲ್ಲಿಸಿ ತೆಗೆಯುವ ಹಾಗಿರಲಿಲ್ಲ. ಹೆಡ್‌ಮಾಸ್ಟರು ಅಂಗಡಿಗೆ ಬಂದು ಕೂಗಾಡಿದಾಗ ಅಣ್ಣ ಅವಳತ್ತ ಕೈ ತೋರಿಸಿ, “ಕಂಪ್ಯೂಟರ್ ನೋಡ್ಕೊಳ್ಳೋದು ಇವಳು ಸಾರ್” ಎಂದುಬಿಟ್ಟ.

ಆ್ಯಂಟಿವೈರಸ್ ನಿಲ್ಲಿಸಿದ್ದು ಅವನೇ ಎಂದು ಅವಳಿಗೆ ಆ ರಾತ್ರಿ ತಿಳಿಯಿತು. ಮರುದಿನ ಹೊಸ ಆ್ಯಂಟಿವೈರಸ್ ಹಾಕಿ, ಅದನ್ನು ಯಾರೂ ನಿಲ್ಲಿಸದಂತೆ, ತೆಗೆಯದಂತೆ ಪಾಸ್‌ವರ್ಡ್ ಇಟ್ಟಳು. ಅಣ್ಣನಿಗೆ ಅದು ಕೆನ್ನೆಗೆ ಹೊಡೆದ ಹಾಗಾಯಿತು.

“ನನ್ನ ಅಂಗಡಿಗೆ ನೀನು ಬೀಗ ಹಾಕ್ತೀಯಾ?”

“ಹಾಕಲೇಬೇಕು. ನಿನ್ನ ಕೈ ಸುಮ್ನಿರಲ್ಲ.”

“ಹಾಗಾದ್ರೆ ಹೊರಡು. ಎಲ್ಲಿಗಾದ್ರೂ ಹೋಗು. ಫೋನೂ ಮಾಡ್ಬೇಡ.”

ಅವಳು ಹೊರಟಳು. ಫೋನೂ ಮಾಡಲಿಲ್ಲ. ಒಂದು ತಿಂಗಳಾಯಿತು, ಒಂದು ವರ್ಷವಾಯಿತು, ಆಮೇಲೆ ಮಾಡಲು ನೆಪವೇ ಸಿಗದಷ್ಟು ವರ್ಷಗಳಾದವು.

ಆ ಸೋಮವಾರ ಸಹಾಯವಾಣಿಯಲ್ಲಿ ಉಸಿರಾಡಲು ಬಿಡುವಿಲ್ಲದಂಥ ಗಲಾಟೆ. ಕಂಪನಿ ಹಿಂದಿನ ವಾರ ಬಿಟ್ಟ ಹೊಸ ಆವೃತ್ತಿ ಹಾಕಿಸಿಕೊಂಡವರಲ್ಲಿ ಎಷ್ಟೋ ಜನರ ಕಂಪ್ಯೂಟರ್ ಆಫ್ ಆಗುತ್ತಿರಲಿಲ್ಲ. ಲೈನು ಸಿಗದವರ ನಂಬರುಗಳು, ಅವರು ಹೇಳಿಟ್ಟ ತೊಂದರೆಯ ಸಾಲಿನೊಂದಿಗೆ, ಪರದೆಯ ಮೇಲೆ ಬಂದು ನಿಲ್ಲುತ್ತಿದ್ದವು, ಬಿಡುವಾದವರು ತಿರುಗಿ ಫೋನ್ ಮಾಡಬೇಕು. ಅವಳು ಒಂದು ಕರೆ ಮುಗಿಸಿ ಕಣ್ಣು ಹಾಯಿಸಿದಳು. ನಡುವೆ ಒಂದು ನಂಬರು. ಸ್ಟುಡಿಯೋದ ಬೋರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದ ನಂಬರು, ಗಿರಾಕಿಗಳಿಗೆ ಅವಳೇ ಎಷ್ಟೋ ಸಲ ಓದಿ ಹೇಳಿದ್ದ ನಂಬರು. ಮುಂದೆ ಒಂದೇ ಸಾಲು: ಸ್ಟುಡಿಯೋದ ಕಂಪ್ಯೂಟರ್ ಆಫ್ ಆಗುತ್ತಿಲ್ಲ.

ಇನ್ನೊಬ್ಬರು ತೆಗೆದುಕೊಂಡುಬಿಟ್ಟರೆ ಎಂದು ಅವಳು ಮೌಸನ್ನು ಅದರ ಮೇಲೆ ಎಳೆದಳು. ತಾನು ಯಾರೆಂದು ಹೇಳಬೇಕೇ, ಹೇಳಿದರೆ ಅವನು ಪಟಕ್ಕನೆ ಇಟ್ಟುಬಿಟ್ಟರೇನು ಎಂಬುದನ್ನೆಲ್ಲ ಯೋಚಿಸುವ ಮುಂಚೆಯೇ ಬೆರಳು ಒತ್ತಿಯಾಗಿತ್ತು.

“ಹಲೋ, ಸ್ಟುಡಿಯೋ.”

ಅದೇ ದನಿ. ಸ್ವಲ್ಪ ದಪ್ಪಗಾಗಿತ್ತು, ಅಷ್ಟೆ.

“ನಮಸ್ಕಾರ ಸರ್. ಆ್ಯಂಟಿವೈರಸ್ ಸಹಾಯವಾಣಿಯಿಂದ ಮಾತಾಡುತ್ತಿದ್ದೇನೆ.” ಕಲಕದ ನೀರು ಹಾಗೇ ಇತ್ತು.

“ಅಬ್ಬಾ, ಬಂದ್ರಲ್ಲ! ನೀವು ಮನುಷ್ಯರಾ, ಮಿಷಿನ್ನಾ?”

“ಮನುಷ್ಯರೇ ಸರ್.”

“ಅಲ್ಲಾ, ಬೆಳಿಗ್ಗೆಯಿಂದ ಒಬ್ಬಳು ಮಿಷಿನ್ನು ಒಂದನ್ನೊತ್ತಿ ಎರಡನ್ನೊತ್ತಿ ಅಂತ ಪ್ರಾಣ ತೆಗೀತಿದ್ಲು. ಅವಳಿಗೂ ‘ಆಯ್ತು ಕಣಮ್ಮ, ಒತ್ತುತೀನಿ ಇರು’ ಅಂತ ಮರ್ಯಾದೆ ಕೊಟ್ಟು ಮಾತಾಡಿದೀನಿ ನಾನು.”

ನಗು ಮೇಲೆ ಬಂತು. ಅವಳು ಮೈಕನ್ನು ಬಂದ್ ಮಾಡಿ, ನಗುವನ್ನು ನುಂಗಿಕೊಂಡು, ಮತ್ತೆ ತೆರೆದಳು. “ಆಫ್ ಮಾಡಿದಾಗ ಪರದೆಯ ಮೇಲೆ ಏನು ಬರುತ್ತೆ ಸರ್?”

“ಒಂದು ಚಕ್ರ. ಸುತ್ತುತ್ತೆ, ಸುತ್ತುತ್ತೆ, ಸುತ್ತುತ್ತಾನೇ ಇರುತ್ತೆ. ನಾನು ಶಟರ್ ಅರ್ಧ ಎಳೆದು ಅದರ ಮುಖ ನೋಡ್ತಾ ಕೂತ್ಕೋತೀನಿ. ಮನೆಗೆ ಹೋಗಿ ಮಾಡೋದೂ ಅಷ್ಟರಲ್ಲೇ ಇದೆ ಬಿಡಿ. ಆಮೇಲೆ ಪ್ಲಗ್ ಕಿತ್ತು ಹೊರಡ್ತೀನಿ.”

“ಹಾಗೆ ಕೀಳಬಾರದು ಸರ್, ಫೈಲುಗಳು ಕೆಡುತ್ತವೆ.”

“ಕೆಟ್ಟಿದೆ. ನಿನ್ನೆ ಒಬ್ರ ಪಾಸ್‌ಪೋರ್ಟ್ ಫೋಟೋ ತೆರೆದ್ರೆ ಮೂಗಿನ ತನಕ ಮನುಷ್ಯ, ಕೆಳಗೆಲ್ಲ ಬೂದಿ. ರಿಪೇರಿಯವನು ಬಂದು ನೋಡಿ ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು ಅಂದ. ಬೇಡಪ್ಪಾ ಅಂತ ಕಳಿಸಿಬಿಟ್ಟೆ.”

“ಯಾಕೆ ಸರ್? ಫೋಟೋಗಳನ್ನು ಬೇರೆ ಕಡೆ ತೆಗೆದಿಟ್ಟುಕೊಂಡು ಮಾಡಿಸಬಹುದಿತ್ತಲ್ಲ?”

“ಫೋಟೋ ಉಳಿಯುತ್ತೆ. ಜೋಡಿಸಿಟ್ಟಿದ್ದು ಹೋಗುತ್ತಲ್ಲ” ಎಂದ ಅಣ್ಣ.

ದೂರದಿಂದಲೇ ಅವನ ಕಂಪ್ಯೂಟರನ್ನು ನೋಡಲು, ನಡೆಸಲು ಒಂದು ಉಪಾಯವಿತ್ತು. ಅವನ ಪರದೆಯಲ್ಲಿ ಬಂದ ಅಂಕಿಗಳನ್ನು ಓದಿ ಹೇಳಲು ಕೇಳಿಕೊಂಡಳು. ಅವನು ಹಳೆಯ ಅಭ್ಯಾಸದಂತೆ ಒಂದೊಂದು ಅಂಕಿಗೂ ನಿಂತು, ಉಸಿರು ತೆಗೆದುಕೊಂಡು ಓದಿದ. ಅವಳ ಮುಂದೆ ಒಂದು ಕಿಟಕಿ ತೆರೆಯಿತು, ಕಿಟಕಿಯೊಳಗೆ ಸ್ಟುಡಿಯೋದ ಪರದೆ.

ಏನೂ ಬದಲಾಗಿರಲಿಲ್ಲ. ಎಡಗಡೆ ಸಾಲಾಗಿ ಅವಳು ಮಾಡಿಟ್ಟ ಫೋಲ್ಡರುಗಳು: ಬಂದದ್ದು, ತಿದ್ದಬೇಕಾದ್ದು, ಮುಗಿದದ್ದು, ಅವಸರ. ಮೊದಲ ಮೂರರಲ್ಲಿ ಅವಳು ಹೋದ ಮೇಲಿನ ಒಂದು ಫೋಟೋವೂ ಇರಲಿಲ್ಲ. ಅವನು ಅಷ್ಟೂ ವರ್ಷಗಳ ಮುಖಗಳನ್ನು ಅವಸರದೊಳಗೇ ತುರುಕುತ್ತ ಬಂದಿದ್ದ. ಆದರೆ ಉಳಿದವನ್ನು ಅಳಿಸಿರಲಿಲ್ಲ. ಸತ್ತವರ ಕೋಣೆಯನ್ನು ಗುಡಿಸಿ ಇಟ್ಟುಕೊಳ್ಳುತ್ತಾರಲ್ಲ, ಹಾಗಿತ್ತು. ತಾನು ಬದುಕಿಯೇ ಇದ್ದೇನಲ್ಲ ಎಂದು ಅವಳಿಗೆ ಅನ್ನಿಸಿ ಕಣ್ಣು ಮಂಜಾಯಿತು.

“ಮೇಡಂ, ಬಾಣ ತಾನಾಗೇ ಓಡ್ತಿದೆ!”

“ನಾನೇ ಸರ್. ನೀವು ಮೌಸ್ ಬಿಡಿ.”

“ನಾನು ಹಿಡಿದೇ ಇಲ್ಲ.”

ಬಾಣ ಅಲ್ಲಾಡಿತು. ಅವಳು ಎಡಕ್ಕೆ ಎಳೆದರೆ ಅದು ಬಲಕ್ಕೆ ಜಗ್ಗಿತು.

“ಸರ್.”

“ಆಯ್ತು ಆಯ್ತು, ಬಿಟ್ಟೆ. ಬೈಬೇಡಿ.”

ಒಂದೇ ಬಾಣ, ಈ ತುದಿಗೆ ಒಂದು ಕೈ, ಆ ತುದಿಗೆ ಒಂದು ಕೈ. ಅವನು ಬಿಟ್ಟ ಮೇಲೆ ಅದು ತೀರಾ ಹಗುರಾಯಿತು. ಅವಳಿಗೆ ಆ ಹಗುರ ಬೇಕಿರಲಿಲ್ಲ.

ಪರದೆಯ ಕೆಳಗಿನ ಮೂಲೆಯಲ್ಲಿ, ಗಡಿಯಾರದ ಪಕ್ಕ, ಎರಡು ಗುರುತುಗಳಿದ್ದವು. ಒಂದು ಅವಳ ಕಂಪನಿಯ ಹೊಸ ಆ್ಯಂಟಿವೈರಸ್. ಇನ್ನೊಂದು ಸಣ್ಣ ಬೀಗದ ಚಿತ್ರ, ಬಣ್ಣ ಹೋಗಿ ಮಾಸಿತ್ತು. ಅವಧಿ ಮುಗಿದು ವರ್ಷಗಳಾಗಿದ್ದರೂ ಅದು ಒಳಗೇ ಓಡುತ್ತಿತ್ತು. ಅವಳೇ ಹಾಕಿದ್ದು. ಆಫ್ ಆಗುವ ಹೊತ್ತಿನ ದಾಖಲೆಗಳನ್ನು ತೆರೆದು ನೋಡಿದಳು. ಪ್ರತಿ ಸಂಜೆಯೂ ಅದೇ ಕಥೆ.

“ಸರ್, ನಿಮ್ಮ ಕಂಪ್ಯೂಟರಿನಲ್ಲಿ ಎರಡು ಆ್ಯಂಟಿವೈರಸ್ ಇವೆ. ಒಂದು ಹಳೆಯದು. ಆಫ್ ಮಾಡಿದಾಗ ಎರಡೂ ಒಂದೇ ಫೈಲುಗಳನ್ನು ಹಿಡಿದುಕೊಳ್ಳುತ್ತವೆ. ಇದು ಬಿಡಲಿ ಅಂತ ಅದು, ಅದು ಬಿಡಲಿ ಅಂತ ಇದು. ಯಾವುದೂ ಮೊದಲು ಬಿಡಲ್ಲ.”

“ಒಳ್ಳೇ ಜೋಡಿ.”

“ಹಳೆಯದನ್ನು ತೆಗೆಯಬೇಕು.” ಅವಳು ಒತ್ತಿದಳು. ಪರದೆಯ ನಡುವೆ ಒಂದು ಸಣ್ಣ ಚೌಕ ಬಂತು. ಪಾಸ್‌ವರ್ಡ್ ಕೊಡಿ ಎಂದಿತ್ತು ಅದರ ಮೇಲೆ.

“ಅದಾ?” ಎಂದ ಅಣ್ಣ. ದನಿ ಇಳಿದಿತ್ತು. “ಅದು ನನ್ನ ತಂಗಿ ಹಾಕಿಹೋದ ಬೀಗ. ನಾನೂ ನೋಡಿದೆ. ಅವಳ ಹೆಸರು ಹಾಕ್ದೆ, ಅಮ್ಮಂದು ಹಾಕ್ದೆ, ಅಪ್ಪಂದು, ಅಂಗಡಿದು, ಮನೇಲಿದ್ದ ನಾಯಿದೂ ಹಾಕ್ದೆ. ಕುಳ್ಳಿ ಅಂತಾನೂ ಹಾಕ್ದೆ. ಹಾಗೆ ಕರೀತಿದ್ದೆ ಅವಳನ್ನ. ಒಪ್ಪಲಿಲ್ಲ.”

ತನ್ನೊಬ್ಬನನ್ನು ಬಿಟ್ಟು ಮನೆಯವರನ್ನೆಲ್ಲ ಹಾಕಿ ನೋಡಿದ್ದ. ಅವಳು ಆವತ್ತು ಸಿಟ್ಟಿನಲ್ಲಿ ಹಲ್ಲು ಕಚ್ಚಿಕೊಂಡು ಇಟ್ಟಿದ್ದ ಪಾಸ್‌ವರ್ಡ್ ‘ಮೊಂಡಣ್ಣ’.

ಇಂಥ ಕಡೆ ಏನು ಕೇಳಬೇಕೆಂದು ಕಂಪನಿ ಬಾಯಿಪಾಠ ಮಾಡಿಸಿತ್ತು. ಆ ಪಾಠ ಅವಳನ್ನು ಕೇಳದೆಯೇ ಹೊರಗೆ ಬಂತು. “ಪಾಸ್‌ವರ್ಡ್ ಇಟ್ಟವರಿಗೆ ಫೋನ್ ಮಾಡಿ ಕೇಳಬಹುದಾ ಸರ್?”

ಆ ಕಡೆ ಬೀದಿಯ ಹಾರನ್ನು ಒಂದು ಕೇಳಿ ಹೋಯಿತು.

“ನಮಗೆ ಮಾತಿಲ್ಲ” ಎಂದ. “ನಂಬರಿದೆ. ಚಿಕ್ಕಮ್ಮನ ಹತ್ರ ಇಸ್ಕೊಂಡಿದ್ದೆ. ಸುಮ್ಸುಮ್ನೆ ಹೇಗೆ ಮಾಡೋದು ಹೇಳಿ. ಇದಕ್ಕೆ ಅಂತ ಮಾಡ್ಬೋದು, ಅಲ್ವಾ ಮೇಡಂ? ಕೆಲಸ ಇದ್ರೆ ಮಾಡ್ಬೋದಲ್ಲ?”

“ಸರ್, ಬೇಡ, ಬೇರೆ ದಾರಿ ಇದೆ...”

“ಒಂದ್ನಿಮಿಷ ಇರಿ. ಮೊಬೈಲಿಂದ ಮಾಡ್ತೀನಿ, ಇದನ್ನ ಇಡ್ಬೇಡಿ.”

ಅವನು ಅಂಕಿಗಳನ್ನು ಒತ್ತುವ ಸದ್ದು ಕೇಳಿಸಿತು. ಸ್ಪೀಕರಿಗೆ ಹಾಕಿದನೆಂದು ಕಾಣುತ್ತದೆ. ಅವನ ಕೈಯಲ್ಲಿನ ಮೊಬೈಲು ಆ ತುದಿಯಲ್ಲಿ ರಿಂಗಾಗುವುದು ಈ ತುದಿಯಲ್ಲಿ ಅವಳ ಹೆಡ್‌ಫೋನಿನೊಳಗೆ ಬರತೊಡಗಿತು. ಗೋಡೆಯಾಚೆ, ಕಾರಿಡಾರಿನ ಲಾಕರಿನ ಕತ್ತಲಲ್ಲಿ, ಸದ್ದು ತೆಗೆದಿಟ್ಟ ಅವಳ ಮೊಬೈಲು ಊಟದ ಡಬ್ಬಿಗೆ ತಾಗಿ ನಡುಗುತ್ತಿರಬೇಕು. ಎದ್ದು ಓಡಬಹುದಿತ್ತು. ಓಡಿದರೆ ಈ ಕಿವಿಯಿಂದ ಅವನು ತಪ್ಪಿಹೋಗುತ್ತಿದ್ದ. ಅವಳು ಕುರ್ಚಿಯ ಅಂಚು ಹಿಡಿದು ಕೂತು, ತನಗೇ ಬಂದ ಕರೆಯನ್ನು ತಾನೇ ತೆಗೆಯದೆ ಇರುವುದನ್ನು ಪೂರ್ತಿ ಕೇಳಿಸಿಕೊಂಡಳು.

ರಿಂಗು ನಿಂತಿತು.

“ತೆಗೀಲಿಲ್ಲ” ಎಂದ.

“ಕೆಲಸದಲ್ಲಿರಬಹುದು ಸರ್.”

“ನಿಮಗೆ ಗೊತ್ತಿಲ್ಲ ಅವಳು. ಯಾರದ್ದು ಅಂತ ನೋಡಿರ್ತಾಳೆ, ಪಕ್ಕಕ್ಕಿಟ್ಟಿರ್ತಾಳೆ.” ಅವನು ನಗಲು ನೋಡಿದ. “ಇನ್ನು ಈ ನಂಬರ್ ಇಟ್ಕೊಂಡು ಏನು ಮಾಡ್ಲಿ? ಅಳಿಸಿಬಿಡೋದೇ ಒಳ್ಳೇದು. ಮಾಡೋಣವಾ ಬೇಡವಾ ಅನ್ನೋದಾದ್ರೂ ತಪ್ಪುತ್ತೆ. ಬಿಡಿ, ಬೇರೆ ದಾರಿ ಅಂದ್ರಲ್ಲ, ಅದನ್ನೇ ಮಾಡಿ.”

ಬೇರೆ ದಾರಿ ಇತ್ತು. ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ, ಅಂದರೆ ಬೇಕಾದಷ್ಟೇ ಎಚ್ಚರವಿರುವಂತೆ, ಮತ್ತೆ ಶುರುಮಾಡಿ, ಹಳೆಯದನ್ನು ಪಾಸ್‌ವರ್ಡಿಲ್ಲದೆಯೇ ಕಿತ್ತು ತೆಗೆಯುವುದು. ಅವಳು ಕಣ್ಣು ಮುಚ್ಚಿಕೊಂಡೂ ಮಾಡಬಲ್ಲ ಕೆಲಸ. ಮಾಡಿದರೆ ಈ ಕರೆ ಚೊಕ್ಕವಾಗಿ ಮುಗಿಯುತ್ತದೆ. ಅವನು “ಥ್ಯಾಂಕ್ಸ್ ಮೇಡಂ” ಎನ್ನುತ್ತಾನೆ. ತಂಗಿ ತನ್ನ ನಂಬರು ನೋಡಿ ಪಕ್ಕಕ್ಕಿಟ್ಟಳೆಂದು ಸಾಯುವವರೆಗೂ ನಂಬಿಕೊಂಡಿರುತ್ತಾನೆ. ರೆಕಾರ್ಡಿನಲ್ಲಿ ಒಂದು ತಪ್ಪು ಮಾತೂ ಇರುವುದಿಲ್ಲ.

ಅವಳು ಬಾಣವನ್ನು ಚೌಕದೊಳಗೆ ತಂದು ಒತ್ತಿದಳು. ಟೈಪ್ ಮಾಡಿದಳು. ಅಕ್ಷರಗಳು ಚುಕ್ಕೆಗಳಾಗಿ ಸಾಲಿಟ್ಟವು. ಚೌಕ ಮಾಯವಾಗಿ, ‘ತೆಗೆಯಲಾಗುತ್ತಿದೆ’ ಎಂಬ ಪಟ್ಟಿ ನಿಧಾನಕ್ಕೆ ತುಂಬತೊಡಗಿತು.

“ಮೇಡಂ, ಏನೋ ಆಯ್ತು. ಒಪ್ಕೊಂಡ್ಬಿಡ್ತು.” ಅವನು ಪರದೆಗೆ ಬಗ್ಗಿರಬೇಕು, ಉಸಿರು ಹತ್ತಿರವಾಯಿತು. “ನೀವೇನು ಹಾಕಿದ್ರಿ? ನಿಮಗೆ ಹೇಗೆ...”

“ಮೊಬೈಲ್ ಹೊರಗೆ ಲಾಕರ್‌ನಲ್ಲಿದೆ ಕಣೋ ಅಣ್ಣ” ಎಂದಳು. ದನಿ ಒಡೆದುಕೊಂಡೇ ಬಂತು. “ಒಳಗೆ ತರೋ ಹಾಗಿಲ್ಲ.”

ಪಟ್ಟಿ ತುಂಬುತ್ತಲೇ ಇತ್ತು. ಅದು ತುಂಬಿ ಮುಗಿಯುವವರೆಗೂ ಇಬ್ಬರೂ ಅದನ್ನೇ ನೋಡುತ್ತ ಕೂತರು, ಒಬ್ಬರು ಅಲ್ಲಿ, ಒಬ್ಬರು ಇಲ್ಲಿ. ಕೊನೆಗೆ ಅವಳೇ, ಬೇರೇನೂ ತೋಚದೆ, “ಈಗ ಆಫ್ ಮಾಡಿ ನೋಡು” ಎಂದಳು.

ಅವನು ಬಾಣ ಹಿಡಿದ. ಅವಳು ಕೈ ಬಿಟ್ಟಳು. ಚಕ್ರ ಬಂದು ಒಂದೆರಡು ಸುತ್ತು ಸುತ್ತಿತು, ಪರದೆ ಕಪ್ಪಾಯಿತು. ಅದರೊಂದಿಗೆ ಅವಳ ಮುಂದಿನ ಕಿಟಕಿಯೂ ಮುಚ್ಚಿಕೊಂಡು, ಸಂಪರ್ಕ ಕಡಿದಿದೆ ಎಂದು ಬಂತು. ಫೋಲ್ಡರುಗಳು ಹೋದವು, ಸ್ಟುಡಿಯೋ ಹೋಯಿತು. ಉಳಿದದ್ದು ಕಿವಿಯಲ್ಲಿನ ಉಸಿರೊಂದೇ.

“ಆಫ್ ಆಯ್ತು” ಎಂದ ಅಣ್ಣ.

“ಹ್ಞೂಂ.”

“ಇಷ್ಟೊತ್ತು ನನ್ನ ಬಾಯಲ್ಲಿ ಮೇಡಂ ಮೇಡಂ ಅನ್ನಿಸ್ಕೊಂಡ್ಯಲ್ಲೇ ಕುಳ್ಳಿ.”

“ನಾನೂ ಸರ್ ಸರ್ ಅಂದೆನಲ್ಲ. ಸಮ ಆಯ್ತು.”

“ಏನು ಸಮ? ಬಾಯಲ್ಲಿ ಬೆಣ್ಣೆ ಇಟ್ಕೊಂಡವರ ಹಾಗೆ ಮಾತಾಡ್ತೀಯ. ಯಾರು ಕಲಿಸಿದ್ರು ಹಾಗೆ? ನಂಗೆ ಗೊತ್ತೇ ಆಗಲಿಲ್ಲ ನೋಡು. ನನ್ನ ಕೈಮೇಲೆ ಬೆಳೆದವಳ ದನಿ ನಂಗೆ ಗೊತ್ತಾಗಲಿಲ್ಲ.” ಅವನ ದನಿಯಲ್ಲಿದ್ದದ್ದು ಸಿಟ್ಟೋ ಅಳುವೋ ತಿಳಿಯದ ಹಾಗಿತ್ತು. “ಇಷ್ಟು ವರ್ಷ ಒಂದು ಫೋನಿಲ್ಲ.”

“ಮಾಡ್ಬೇಡ ಅಂದಿದ್ದೆ ನೀನು.”

“ಕೂತ್ಕೋ ಅಂದ್ರೆ ನಿಲ್ತಿದ್ದೆ, ಬೇಡ ಅಂದ್ರೆ ಮಾಡ್ತಿದ್ದೆ. ಒಂದು ದಿನ ನನ್ನ ಮಾತು ಕೇಳಿದವಳಲ್ಲ. ಅದೊಂದನ್ನ ಯಾಕೆ ಕೇಳಿದೆ?”

ಅವಳಲ್ಲಿದ್ದ ಉತ್ತರಗಳೆಲ್ಲ ಹಳೆಯ ಸಿಟ್ಟಿನ ಕಾಲಕ್ಕೆ ಹೊಲಿಸಿಟ್ಟವು, ಈಗ ತೊಟ್ಟರೆ ಮೈಗೆ ಹತ್ತುವಂತಿರಲಿಲ್ಲ. ಅಷ್ಟರಲ್ಲಿ ಆ ಕಡೆ ಗಾಜಿನ ಬಾಗಿಲು ಕಿರ್ರೆಂದಿತು. ಯಾರೋ ಅರ್ಜೆಂಟಾಗಿ ಫೋಟೋ ಬೇಕು ಎಂದರು.

“ಗಿರಾಕಿ” ಎಂದ ಅಣ್ಣ. “ಇರು. ಎಲ್ಲೂ ಹೋಗ್ಬೇಡ. ಇದೊಂದು ಮಾತನ್ನ ಬೇಕಾದ್ರೆ ಕೇಳು.”

ರಿಸೀವರನ್ನು ಮೇಜಿನ ಮೇಲೆ ಮಲಗಿಸಿದ ಸದ್ದಾಯಿತು. ಸ್ಟೂಲು ಎಳೆದ. ದೀಪದ ಸ್ವಿಚ್ಚು ಟಪ್ಪೆಂದಿತು. “ಸ್ವಲ್ಪ ಈ ಕಡೆ ತಿರುಗಿ. ಅಷ್ಟು ಬೇಡ” ಎಂದ. ದನಿ ಸ್ವಲ್ಪ ನಡುಗುತ್ತಿತ್ತು. ಗಿರಾಕಿಗೆ ಅದು ತಿಳಿದಿರಲಾರದು.

ಅವಳ ಬೆನ್ನ ಹಿಂದೆ ಟೀಮ್ ಲೀಡರ್ ಬಂದು ನಿಂತಿದ್ದ. ಪರದೆಯ ಮೇಲೆ ಕರೆಯ ಹೊತ್ತು ಕೆಂಪಾಗಿ ಬಹಳ ಹೊತ್ತಾಗಿತ್ತು.

“ಇನ್ನೂ ಆಗಿಲ್ವಾ? ಆಫ್ ಆಯ್ತಲ್ಲ ಕಂಪ್ಯೂಟರು?”

“ಆಯ್ತು ಸರ್.”

“ಮತ್ತೇನು ಉಳಿದಿದೆ?”

ಅವಳು ತಿರುಗಿ ನೋಡಿದಳು. ಕಂಪನಿ ಕಲಿಸಿದ ಮಾತುಗಳಲ್ಲಿ ಇದಕ್ಕೆ ಯಾವುದೂ ಇರಲಿಲ್ಲ. “ಲೈನಿನಲ್ಲಿ ಇರು ಅಂದಿದ್ದಾರೆ” ಎಂದಳು.

ಲೀಡರ್ ಅವಳ ಮುಖ ನೋಡಿದ. ಏನು ಕಂಡನೋ, ಹೆಚ್ಚು ಕೇಳದೆ ಪಕ್ಕದ ಸಾಲಿಗೆ ಹೋದ.

ಆ ಕಡೆ ಕ್ಯಾಮೆರಾ ಕ್ಲಿಕ್ಕೆಂದಿತು. ಮತ್ತೊಮ್ಮೆ ಕ್ಲಿಕ್ಕೆಂದಿತು. ಹೆಜ್ಜೆ ಮೇಜಿನತ್ತ ಬಂದ ಹಾಗಾಗಿ ಅವಳು ಬಾಯಿ ತೆರೆದಳು, ಅಷ್ಟರಲ್ಲಿ ಬಾಗಿಲು ಮತ್ತೆ ಕಿರ್ರೆಂದು ಇನ್ಯಾರೋ ಒಳಗೆ ಬಂದರು. “ಬನ್ನಿ, ಕೂತ್ಕೊಳ್ಳಿ” ಎಂದ ಅಣ್ಣ. ಸುತ್ತ ಎಲ್ಲ ಸೀಟುಗಳಲ್ಲೂ ಜನ ಮಾತಾಡುತ್ತಿದ್ದರು. ಆ ಮಾತುಗಳು ಒಳಗೆ ಬಾರದಂತೆ ಅವಳು ಹೆಡ್‌ಫೋನನ್ನು ಎರಡೂ ಕೈಗಳಿಂದ ಕಿವಿಗೆ ಒತ್ತಿಕೊಂಡು ಕಾದಳು.